ಬ್ರಹ್ಮಗಿರಿಯ ಲಿಪಿಕಾರ, ನಮ್ಮ ‘ಬಸ್ಸು’

ಇಂಗ್ಲಿಷ್ ಮಾತಾಡುವಾಗ ‘ಬಸ್’ ಅನ್ನೋದು ‘ಬಸ್ಸು’ ಆದ್ರೆ ನಗೋರು ಇದ್ದಾರೆ, ಅಲ್ವಾ? ಕನ್ನಡದ ಪದಗಳು ಹೆಚ್ಚಾಗಿ ಸ್ವರದಲ್ಲೇ ಮುಗಿಯುತ್ತವೆ. ನಾಲಿಗೆ ಆ ರೂಢಿಯನ್ನು ಇಂಗ್ಲಿಷಿಗೂ ಒಯ್ಯುತ್ತೆ. ಚಳ್ಳಕೆರೆ, ಮೊಳಕಾಲ್ಮುರು ಕಡೆ ಎಷ್ಟೋ ಮಕ್ಕಳಿಗೆ ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಇಂಗ್ಲಿಷ್ ಮೂರನೆಯದು.

ನಗೋರಿಗೆ ನಾನು ಚಪಡನನ್ನು ತೋರಿಸ್ತೀನಿ. ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಬಿ.ಎಲ್. ರೈಸ್ 1892ರಲ್ಲಿ ಪತ್ತೆಹಚ್ಚಿದ ಅಶೋಕನ ಶಾಸನ ಬರೆದವನು ಈತ. ಭಾಷೆ ಪ್ರಾಕೃತ, ಲಿಪಿ ಬ್ರಾಹ್ಮಿ. ಆದ್ರೆ ಕೊನೆಗೆ, ತನ್ನ ಹೆಸರಿನ ಜೊತೆ, ‘ಲಿಪಿಕಾರನಿಂದ’ ಅನ್ನೋ ಒಂದೇ ಪದ ಖರೋಷ್ಠಿಯಲ್ಲಿದೆ, ಬಲದಿಂದ ಎಡಕ್ಕೆ! ಅದು ದೂರದ ಗಾಂಧಾರದ ಕಡೆಯ ಲಿಪಿ. ಚಪಡ ಆ ಕಡೆ ಬರವಣಿಗೆ ಕಲಿತು ಬಂದವನಿರಬೇಕು ಅಂತಾರೆ ವಿದ್ವಾಂಸರು. ಚಕ್ರವರ್ತಿಯ ಆಜ್ಞೆ ಬರೆಯುವಾಗಲೂ ಮೊದಲು ಕಲಿತ ಕೈ ಇಣುಕಿದೆ.