ಮುತ್ತುಗದ ಊರು, ಕದಂಬದ ಮನೆ

ಪೆರಂಬೂರು ಅಂದರೆ ಕಣ್ಣ ಮುಂದೆ ಬರುವುದು ಕಬ್ಬಿಣ. 1856ರ ರೈಲ್ವೆ ವರ್ಕ್‌ಶಾಪು, 1955ರಲ್ಲಿ ಶುರುವಾದ ಬೋಗಿ ಕಾರ್ಖಾನೆ, ಹಳಿ, ಗೋಡೆ, ಮೇಲ್ಸೇತುವೆ. ಹೆಸರಿನೊಳಗೆ ಮಾತ್ರ ಒಂದು ಗಿಡ ಕೂತಿದೆ. ತಮಿಳಿನ ‘ಪಿರಂಬು’ ನಮ್ಮ ಬೆತ್ತ. ಬೆತ್ತ ಬೆಳೆಯುತ್ತಿದ್ದ ಊರು ಪೆರಂಬೂರಾಯಿತು ಎಂದು ಇಲ್ಲಿಯವರು ಹೇಳುತ್ತಾರೆ. ಈ ಪಟ್ಟಣದಲ್ಲಿ ಇಂಥ ಹೆಸರುಗಳಿಗೆ ಬರವಿಲ್ಲ. ತಿರುವಲ್ಲಿಕ್ಕೇಣಿ ನೈದಿಲೆಯ ಕೊಳ, ಮಾಂಗಾಡು ಮಾವಿನ ಕಾಡು. ಪೆರಂಬೂರಿನಿಂದ ತೆಂಕಲಿಗೆ ಸ್ವಲ್ಪ ದೂರ ಹೋದರೆ ಪುರಸವಾಕ್ಕಂ. ನಾವು ಬಟ್ಟೆ ಕೊಳ್ಳಲು ಹೋಗುವ ಈ ಬೀದಿಗಳ ಹೆಸರಿನಲ್ಲಿರುವುದು ಪುರಸು ಮರ, ಅಂದರೆ ನಮ್ಮ ಮುತ್ತುಗ. ಅಲ್ಲಿಯ ಗಂಗಾಧರೇಶ್ವರ ಗುಡಿಯ ಸ್ಥಳವೃಕ್ಷವೂ ಅದೇ.

ಸ್ಥಳವೃಕ್ಷ ಎಂಬ ಏರ್ಪಾಡು ತಮಿಳುನಾಡಿನಲ್ಲಿ ಬಲು ಗಟ್ಟಿ. ಕಂಚಿಯ ಏಕಾಂಬರನಾಥನಿಗೆ ಮಾವು, ಮೈಲಾಪುರದ ಕಪಾಲೀಶ್ವರನಿಗೆ ಸುರಹೊನ್ನೆ. ನಮ್ಮ ಕಡೆ ಅರಳಿಕಟ್ಟೆಯೂ ಬನ್ನಿಮರವೂ ಇವೆ, ಆದರೆ ಗುಡಿಗೊಂದು ಮರ ಎಂಬ ಲೆಕ್ಕ ಇಷ್ಟು ಬಿಗಿಯಾಗಿಲ್ಲ.

ಮುತ್ತುಗಕ್ಕೇ ಯಾಕೆ ಈ ಮರ್ಯಾದೆ? ಮೂರೆಲೆ ಅಂದರೆ ತ್ರಿಮೂರ್ತಿ ಎಂಬ ವಿವರಣೆ ಸುಲಭವಾಗಿ ಸಿಗುತ್ತದೆ. ನನಗೆ ಅದು ಸಪ್ಪೆ ಅನಿಸುತ್ತದೆ. ತೈತ್ತಿರೀಯ ಸಂಹಿತೆಯ ಕಥೆ ಇನ್ನೂ ರುಚಿಯಾಗಿದೆ. ಸೋಮ ಮೂರನೆಯ ಸ್ವರ್ಗದಲ್ಲಿತ್ತು. ಗಾಯತ್ರಿ ಅದನ್ನು ತರುವಾಗ ಒಂದು ಎಲೆ ಕತ್ತರಿಸಿ ಬಿತ್ತು. ಅದೇ ಪರ್ಣವೃಕ್ಷ, ಮುತ್ತುಗ. ದೇವತೆಗಳು ಬ್ರಹ್ಮದ ಮಾತಾಡುತ್ತಿದ್ದಾಗ ಈ ಮರ ಕೇಳಿಸಿಕೊಂಡಿತಂತೆ. ಹಾಗಾಗಿ, ತುಪ್ಪ ಹಾಕುವ ಜುಹು ಎಂಬ ಸೌಟು ಯಾರದು ಮುತ್ತುಗದ್ದೋ ಅವರ ಕಿವಿಗೆ ಕೆಟ್ಟ ಮಾತು ಬೀಳುವುದಿಲ್ಲ! ಈ ಫಲವನ್ನು ಅಕ್ಷರಶಃ ನಂಬಬೇಕೋ, ಬರೀ ಹೊಗಳಿಕೆ ಎನ್ನಬೇಕೋ ಎಂದು ಮೀಮಾಂಸಕರು ಧಾರಾಳವಾಗಿ ಚರ್ಚಿಸಿದ್ದಾರೆ.

ಗಮನಿಸಿ, ಇಲ್ಲಿ ಪಾವಿತ್ರ್ಯ ಬರುವುದು ಮರವನ್ನು ದೂರದಿಂದ ನೋಡಿ ಕೈಮುಗಿದದ್ದರಿಂದ ಅಲ್ಲ, ಕೆತ್ತಿ ಕೈಯಲ್ಲಿ ಹಿಡಿದದ್ದರಿಂದ. ಮುಂಜಿಯ ವಟುವಿಗೆ ಮುತ್ತುಗದ ದಂಡ, ಹೋಮಕ್ಕೆ ಮುತ್ತುಗದ ಸಮಿತ್ತು. ಶಾಸ್ತ್ರದ ಗಂಧವಿಲ್ಲದ ಮನೆಗಳಲ್ಲೂ ಮುತ್ತುಗದ ಎಲೆ ಹಚ್ಚಿ ಊಟಕ್ಕೆ ಹಾಕುವುದು ಗೊತ್ತಿತ್ತು. ಈಗ ನಮ್ಮ ಫ್ಲಾಟುಗಳ ಗೃಹಪ್ರವೇಶಕ್ಕೆ ಸಮಿತ್ತಿನ ಕಟ್ಟು ಅಂಗಡಿಯಿಂದ ಬರುತ್ತದೆ. ಅದರಲ್ಲಿ ಮುತ್ತುಗ ಯಾವುದು, ಅತ್ತಿ ಯಾವುದು ಅಂತ ಕೇಳಿದರೆ ನಮ್ಮಲ್ಲಿ ಎಷ್ಟು ಜನ ಹೇಳಿಯೇವು?

ಕನ್ನಡ ನಾಡಿನಿಂದ ಈ ಸೀಮೆಗೆ ಓದಲು ಬಂದವರಲ್ಲಿ ನಮಗೆ ಹೆಸರು ಗೊತ್ತಿರುವ ಹಳಬನೊಬ್ಬನ ಸಂಗತಿಯಲ್ಲೂ ಗಿಡಮರಗಳೇ ತುಂಬಿವೆ. ನಾಲ್ಕನೆಯ ಶತಮಾನದ ಮಯೂರಶರ್ಮ ಅಜ್ಜ ವೀರಶರ್ಮನ ಜೊತೆ ಕಂಚಿಯ ಘಟಿಕೆಗೆ ವೇದ ಕಲಿಯಲು ಬಂದ. ಶಿಕಾರಿಪುರ ತಾಲ್ಲೂಕಿನ ತಾಳಗುಂದದ ಕಂಬದ ಮೇಲೆ, ಐದನೆಯ ಶತಮಾನದಲ್ಲಿ ಕವಿ ಕುಬ್ಜ ಇದನ್ನೆಲ್ಲ ಸಂಸ್ಕೃತ ಪದ್ಯದಲ್ಲಿ ಬರೆದಿದ್ದಾನೆ. ಆ ಮನೆತನದವರ ಮನೆಯ ಬಳಿ ಒಂದು ಕದಂಬದ ಮರವಿತ್ತು. ಅದನ್ನು ಆರೈಕೆ ಮಾಡಿದ್ದರಿಂದ ಅದರ ಹೆಸರೇ ಅವರಿಗೂ ಬಂತು ಎನ್ನುತ್ತದೆ ಶಾಸನ. ಮರ ಒಲಿದು ವರ ಕೊಟ್ಟಿತು ಎನ್ನುವುದಿಲ್ಲ, ನೀರೆರೆದು ಸಾಕಿದರು ಎನ್ನುತ್ತದೆ.

ಕಂಚಿಯಲ್ಲಿ ಪಲ್ಲವರ ಕುದುರೆ ಸವಾರನೊಂದಿಗೆ ಮಯೂರಶರ್ಮನಿಗೆ ಜಗಳವಾಯಿತು. ಪಲ್ಲವ ಅಂದರೆ ಚಿಗುರು. ಮರದ ಹೆಸರಿನವನಿಗೂ ಚಿಗುರಿನ ಹೆಸರಿನವರಿಗೂ ಬಿತ್ತು ನೋಡಿ! ಅವಮಾನ ತಡೆಯಲಾರದೆ ಅವನು ಕತ್ತಿ ಹಿರಿದ. ಕುಬ್ಜ ಇಲ್ಲಿ ಅವನ ಬಲಗೈಯನ್ನು ನಿಲ್ಲಿಸಿ ನೋಡುತ್ತಾನೆ: ದರ್ಭೆ, ಸಮಿತ್ತು, ಕಲ್ಲು, ಸೌಟು, ತುಪ್ಪ, ಚರು ಹಿಡಿದು ಪಳಗಿದ ಕೈ ಅದು. ಸೌಟಿಗೆ ಶಾಸನ ಬಳಸುವ ಪದ ಸ್ರುಕ್ಕು. ಜುಹು ಸ್ರುಕ್ಕುಗಳಲ್ಲಿ ಒಂದು, ವಿಧಿಯ ಪ್ರಕಾರ ಮುತ್ತುಗದ್ದು. ಕೆಟ್ಟ ಮಾತು ಕೇಳಿಸದ ಹಾಗೆ ಕಾಯಬೇಕಾದ ಸೌಟು ಕಂಚಿಯ ಬೀದಿಯಲ್ಲಿ ಕಾಯಲಿಲ್ಲ.

ಆಮೇಲೆ ಪಲ್ಲವರೇ ಅವನಿಗೆ ಪಟ್ಟ ಕಟ್ಟಬೇಕಾಯಿತು. ಕೈಯಿಂದ ಸಮಿತ್ತು ಹೋದರೂ ಮರದ ಹೆಸರು ವಂಶದಲ್ಲಿ ಉಳಿಯಿತು, ಕವಲುಗಳಿಗೂ ಹೋಯಿತು. ಗೋವಾದ ಸರ್ಕಾರಿ ಬಸ್ಸುಗಳ ಮೈಮೇಲೆ ಇವತ್ತಿಗೂ ಅದನ್ನು ಓದಬಹುದು: ಕದಂಬ.