ಸಭೆ ಕಲಿಸಿದ ಹಣದ ಪಾಠ

ಕ್ರೈಸ್ತ ಸಭೆಗಳಲ್ಲಿ ಹಣದ ಮಾತೆಂದರೆ ಬಹುಕಾಲ ದಶಮಾಂಶ, ಕಾಣಿಕೆ ಅಷ್ಟೇ. ಉಳಿದ ಒಂಬತ್ತು ಪಾಲಿನ ಬಗ್ಗೆಯೂ ಗಟ್ಟಿಯಾಗಿ ಮಾತಾಡಿದವರಲ್ಲಿ ಮೆಥಡಿಸ್ಟ್ ಪಂಥದ ಜಾನ್ ವೆಸ್ಲಿ ಮುಖ್ಯರು. 1760ರಲ್ಲಿ ಅಚ್ಚಾದ ಪ್ರವಚನವೊಂದರಲ್ಲಿ ಅವರು ದುಡಿಮೆ, ಉಳಿತಾಯ, ದಾನ ಮೂರನ್ನೂ ಬೆಸೆದರು. ಆಕ್ಸ್‌ಫರ್ಡಿನ ಯುವಕನೊಬ್ಬನ ಲೆಕ್ಕವನ್ನು ಇನ್ನೊಂದು ಕಡೆ ಕೊಟ್ಟಿದ್ದಾರೆ. ವರ್ಷಕ್ಕೆ 30 ಪೌಂಡ್ ಬಂದಾಗ ಅವನು 28ರಲ್ಲಿ ಬದುಕಿ ಎರಡನ್ನು ಕೊಟ್ಟ. ಮರುವರ್ಷ 60 ಬಂತು. 28ರಲ್ಲೇ ಬದುಕಿ 32 ಕೊಟ್ಟ. ವರಮಾನ 120 ಆದಾಗಲೂ ಖರ್ಚು ಏರಲಿಲ್ಲ. ಆ ಯುವಕ ಸ್ವತಃ ವೆಸ್ಲಿಯೇ ಎಂಬ ಮಾತಿದೆ. ನನ್ನ ಮಟ್ಟಿಗೆ ಈ ಕ್ಷೇತ್ರದಲ್ಲಿ ಇದಕ್ಕಿಂತ ದೊಡ್ಡ ಪಾಠ ಮತ್ತೆ ಬಂದಿಲ್ಲ.

ಸಭೆಯ ಹಣದ ಪಾಠಕ್ಕೆ ತರಗತಿಯ ರೂಪ ಬಂದದ್ದು ಅಮೆರಿಕದಲ್ಲಿ, ಕ್ರೆಡಿಟ್ ಕಾರ್ಡು ಮನೆಮನೆ ಹೊಕ್ಕ ಮೇಲೆ. 1976ರಲ್ಲಿ ಲ್ಯಾರಿ ಬರ್ಕೆಟ್ ‘ಕ್ರಿಶ್ಚಿಯನ್ ಫೈನಾನ್ಷಿಯಲ್ ಕಾನ್ಸೆಪ್ಟ್ಸ್’ ಸಂಸ್ಥೆ ಕಟ್ಟಿ, ಸಾಲದಲ್ಲಿ ಮುಳುಗಿದ ಸಂಸಾರಗಳಿಗೆ ಮುಂದೆ ರೇಡಿಯೊದಲ್ಲೂ ದಾರಿ ಹೇಳತೊಡಗಿದರು. ಪರರ ಸಾಲಕ್ಕೆ ಜಾಮೀನು ನಿಲ್ಲಬೇಡಿ ಎಂಬ, ಬೈಬಲಿನ ಜ್ಞಾನೋಕ್ತಿಗಳ ಎಚ್ಚರಿಕೆಯನ್ನು ಅವರು ಬ್ಯಾಂಕಿನ ಕಾಗದಪತ್ರಗಳ ಮುಂದಿಟ್ಟು ವಿವರಿಸುತ್ತಿದ್ದರು. 1985ರಲ್ಲಿ ಹೊವರ್ಡ್ ಡೇಟನ್ ಇನ್ನೊಂದು ಸಂಸ್ಥೆ ಕಟ್ಟಿ ಇದೇ ಪಾಠವನ್ನು ಸಣ್ಣ ಗುಂಪುಗಳಿಗೆ ಒಯ್ದರು. 2000ದಲ್ಲಿ ಎರಡೂ ಸಂಸ್ಥೆಗಳು ಒಂದಾದವು. ಮನೆ-ನಿವೇಶನದ ವ್ಯವಹಾರದಲ್ಲಿ ದಿವಾಳಿಯಾಗಿ ಎದ್ದ ಡೇವ್ ರ‍್ಯಾಮ್ಸಿ 1990ರ ದಶಕದಲ್ಲಿ ಈ ಪಾಠವನ್ನು ಊರೂರಿಗೆ ಮುಟ್ಟಿಸಿದರು.

ಇವರ ಮುಖ್ಯ ಸಾಧನ ಕಾಗದದ ಲಕೋಟೆ. ಸಂಬಳದ ದಿನ ದಿನಸಿ, ಪೆಟ್ರೋಲು, ಬಟ್ಟೆ ಎಂದು ಬರೆದ ಲಕೋಟೆಗಳಲ್ಲಿ ನಗದು ತುಂಬಬೇಕು. ದಿನಸಿಯ ಲಕೋಟೆ ಇಪ್ಪತ್ತನೇ ತಾರೀಖಿಗೇ ಬರಿದಾದರೆ ಮನೆಯಲ್ಲಿರುವುದರಲ್ಲೇ ಅಡುಗೆ. ನೋಟು ಕೈಬಿಟ್ಟು ಹೋಗುವುದು ಕಣ್ಣಿಗೆ ಕಾಣುವುದರಿಂದ ಕೈ ತಾನಾಗಿ ಬಿಗಿಯಾಗುತ್ತದೆ. ಚಿಕ್ಕ ಸಾಲವನ್ನು ಮೊದಲು ತೀರಿಸಿ ಎಂಬ ರ‍್ಯಾಮ್ಸಿ ಸೂತ್ರ ಲೆಕ್ಕಕ್ಕೆ ಒಗ್ಗುವುದಿಲ್ಲ. ಹೆಚ್ಚು ಬಡ್ಡಿಯ ಸಾಲ ಮೊದಲು ತೀರಿದರೇ ಲಾಭ. ಆದರೂ ಒಂದು ಸಾಲ ಪೂರ್ತಿ ತೀರಿದಾಗ ಹುಟ್ಟುವ ಧೈರ್ಯ ಸಣ್ಣದಲ್ಲ.

ಖರ್ಚು ಎಷ್ಟು ಬಿಗಿಹಿಡಿದರೂ ಹಣ ಸಾಕಾಗದ ಮನೆಗಳಿಗೆ ಮೇಲ್ಸಂಪಾದನೆಯೇ ದಾರಿ. ಜ್ಞಾನೋಕ್ತಿಗಳ 31ನೇ ಅಧ್ಯಾಯದ ಗೃಹಿಣಿ ಬಟ್ಟೆ ನೇಯ್ದು ಮಾರುತ್ತಾಳೆ, ಹೊಲ ಕೊಳ್ಳುತ್ತಾಳೆ. ಅವಳೇ ಇಲ್ಲಿ ಮಾದರಿಯಾದಳು. ಕೆಲಸ ಬಿಟ್ಟು ಮನೆಗೆ ಮರಳುವ ಹೆಂಗಸರಿಗಾಗಿಯೇ ಬರ್ಕೆಟ್ 1995ರಲ್ಲಿ ಪುಸ್ತಕ ಬರೆದರು. ಮನೆಯಲ್ಲೇ ಮಾಡುವ ಕೆಲಸಗಳಲ್ಲಿ ಹೊಲಿಗೆ, ಮಕ್ಕಳ ಪಾಲನೆ, ಲೆಕ್ಕ ಬರೆಯುವುದು ಮೊದಲು ಬಂದವು. ಇಂಟರ್ನೆಟ್ ಬಂದಮೇಲೆ ಅನುವಾದ, ಪಾಠ ಹೇಳುವುದು, ಕೈಕಸುಬಿನ ಸರಕಿನ ಮಾರಾಟ ಸೇರಿಕೊಂಡವು.

ಸದಸ್ಯರ ಮೇಲೆ ಸದಸ್ಯರನ್ನು ಸೇರಿಸುತ್ತ ಹೋಗುವ ಸರಪಳಿ ಮಾರಾಟದವರೂ ಇದೇ ಬಾಗಿಲಿನಿಂದ ಒಳಬಂದರು. ಭಾನುವಾರ ಜೊತೆಗೆ ಕೂತು ಪ್ರಾರ್ಥಿಸಿದವರೇ ಸೋಮವಾರ ಸದಸ್ಯರಾಗಿ ಎಂದರೆ ಒಲ್ಲೆನೆನ್ನುವುದು ಕಷ್ಟ. ಈ ವಿಶ್ವಾಸದ ಬೆಲೆ ಎಷ್ಟೆಂದು 1995ರಲ್ಲಿ ತಿಳಿಯಿತು: ಅಜ್ಞಾತ ದಾನಿಗಳಿಂದ ಹಣ ಇಮ್ಮಡಿಯಾಗುತ್ತದೆಂದು ಪೆನ್ಸಿಲ್ವೇನಿಯಾದ ‘ನ್ಯೂ ಎರಾ’ ಪ್ರತಿಷ್ಠಾನ ನಂಬಿಸಿತ್ತು. ಅಂಥ ದಾನಿಗಳೇ ಇರಲಿಲ್ಲ. ಹಲವು ಕ್ರೈಸ್ತ ಸಂಸ್ಥೆಗಳು ಹಣ ಸಿಲುಕಿಸಿಕೊಂಡವು, ಸ್ಥಾಪಕ ಜೈಲು ಸೇರಿದ.

ಹೊಸಬರನ್ನು ಸೇರಿಸುವುದರಿಂದಲೇ ಹಣ ಬರುವ ಪಿರಮಿಡ್ ಯೋಜನೆಗಳಿಗೆ ಭಾರತದಲ್ಲಿ 2021ರ ನೇರ ಮಾರಾಟ ನಿಯಮಗಳ ಪ್ರಕಾರ ನಿಷೇಧವಿದೆ. ಮನೆಯಿಂದಲೇ ಗಳಿಕೆ ಎಂದು ಯಾರಾದರೂ ಬಂದರೆ, ಅವರು ಸಭೆಯವರೇ ಆಗಿರಲಿ, ಹಣ ಸರಕಿನ ಮಾರಾಟದಿಂದ ಬರುತ್ತದೋ ಹೊಸಬರನ್ನು ಸೇರಿಸುವುದರಿಂದ ಬರುತ್ತದೋ ಎಂದು ಮೊದಲು ಕೇಳಿ. ಎರಡನೆಯದಾದರೆ ಒಂದು ರೂಪಾಯಿಯನ್ನೂ ಕೊಡಬೇಡಿ.