ಹೊರುವವರು ಯಾರು? ಕ್ಯಾರವಾನಿನ ಮಲದ ಪೆಟ್ಟಿಗೆಯ ಹಿಂದಿನ ಚರಿತ್ರೆ

ಬೇಸಿಗೆ ರಜೆ ಸಮೀಪಿಸಿತೆಂದರೆ ಜರ್ಮನಿಯ ಹೆದ್ದಾರಿಗಳಲ್ಲಿ ಬಿಳಿಯ ಕ್ಯಾರವಾನುಗಳ ಸಾಲು ಕಾಣತೊಡಗುತ್ತದೆ. ಇಲ್ಲಿನವರು ‘ವೋನ್‌ವಾಗನ್’ ಎಂದು ಕರೆಯುವ ಈ ಗಾಲಿಯ ಮನೆಯನ್ನು ಬಾಡಿಗೆಗೆ ಪಡೆದು ಬೋಡನ್ ಸರೋವರಕ್ಕೋ ಉತ್ತರದ ಕಡಲ ತೀರಕ್ಕೋ ಹೊರಡುವ ಕನ್ನಡ ಕುಟುಂಬಗಳೂ ಈಗ ಅಪರೂಪವಲ್ಲ. ಅಡುಗೆಮನೆ, ಹಾಸಿಗೆ, ಶೌಚಾಲಯ ಎಲ್ಲವೂ ಅದರೊಳಗುಂಟು. ಇಲ್ಲದಿರುವುದು ಒಂದೇ: ನೆಲದಡಿಯಲ್ಲಿ ಊರಿನ ಒಳಚರಂಡಿಗೆ ಸೇರುವ ಕೊಳವೆ. ಮನೆಯಲ್ಲಿ ಗುಂಡಿ ಒತ್ತಿದೊಡನೆ ಕಣ್ಮರೆಯಾಗುವ ವಸ್ತುವು ಇಲ್ಲಿ ಪೆಟ್ಟಿಗೆಯೊಂದರಲ್ಲಿ ಉಳಿಯುತ್ತದೆ. ಅದನ್ನು ಯಾರಾದರೂ ಹೊತ್ತು ಒಯ್ಯಲೇಬೇಕು. ಯಾರು ಹೊರಬೇಕು ಎಂಬ ಈ ಪ್ರಶ್ನೆ ಕ್ಯಾರವಾನಿನಷ್ಟು ಹೊಸದಲ್ಲ. ಜರ್ಮನಿಯೂ ಕರ್ನಾಟಕವೂ ಇದಕ್ಕೆ ಕೊಟ್ಟ ಉತ್ತರಗಳ ಚರಿತ್ರೆಯನ್ನು ಈ ಲೇಖನದಲ್ಲಿ ನೆನೆಯಲು ಬಯಸುತ್ತೇವೆ.

ಮೊದಲು ವ್ಯವಸ್ಥೆಯ ಪರಿಚಯ. ಕ್ಯಾರವಾನಿನಲ್ಲಿ ಎರಡು ಬಗೆಯ ಕೊಳಚೆ ಉಂಟಾಗುತ್ತದೆ. ಪಾತ್ರೆ ತೊಳೆದ ನೀರು, ಸ್ನಾನದ ನೀರು, ಕೈ ತೊಳೆದ ನೀರು ಇವು ‘ಬೂದು ನೀರು’. ಇದು ಗಾಡಿಯ ತಳದಲ್ಲಿರುವ ತೊಟ್ಟಿಗೋ ಹೊರಗೆ ಇರಿಸಿದ ಗಾಲಿಯುಳ್ಳ ಡಬ್ಬಕ್ಕೋ ಇಳಿಯುತ್ತದೆ. ಶೌಚಾಲಯದ್ದು ‘ಕಪ್ಪು ನೀರು’. ಇದು ಆಸನದ ಕೆಳಗಿರುವ, ಸುಮಾರು 18ರಿಂದ 20 ಲೀಟರ್ ಹಿಡಿಯುವ ‘ಕ್ಯಾಸೆಟ್’ ಎಂಬ ಪೆಟ್ಟಿಗೆಯಲ್ಲಿ ಸಂಗ್ರಹವಾಗುತ್ತದೆ. ಗಾಡಿಯ ಹೊರಗೋಡೆಯಲ್ಲಿರುವ ಪುಟ್ಟ ಬಾಗಿಲನ್ನು ತೆರೆದು ಪೆಟ್ಟಿಗೆಯನ್ನು ಹೊರಗೆಳೆದು, ಶಿಬಿರತಾಣದಲ್ಲಿ ಅದಕ್ಕೆಂದೇ ಇರುವ ಸುರಿತೊಟ್ಟಿಯವರೆಗೆ ಒಯ್ದು ಬರಿದು ಮಾಡಬೇಕು. ತುಂಬಿದ ಪೆಟ್ಟಿಗೆ ಸುಮಾರು 20 ಕಿಲೋ ತೂಗುತ್ತದೆ.

ಈಗ ಚರಿತ್ರೆಗೆ ಬರೋಣ. ಇಂದು ಶುಚಿತ್ವಕ್ಕೆ ಹೆಸರಾದ ಜರ್ಮನಿಯ ನಗರಗಳಲ್ಲಿ ಮಧ್ಯಯುಗದಿಂದ ಹತ್ತೊಂಬತ್ತನೆಯ ಶತಮಾನದವರೆಗೂ ಮನೆಗಳ ಹಿತ್ತಿಲಲ್ಲಿ ಮಲದ ಗುಂಡಿಗಳಿದ್ದವು. ಅವನ್ನು ಬಗೆಯುವ ಕೆಲಸ ರಾತ್ರಿಯ ವೇಳೆ, ಊರು ಮಲಗಿದ ಮೇಲೆ ನಡೆಯುತ್ತಿತ್ತು. ನ್ಯೂರೆನ್‌ಬರ್ಗಿನಲ್ಲಿ ಈ ಕೆಲಸದವರನ್ನು ‘ಪಾಪೆನ್‌ಹೈಮರ್’ ಎಂದು ಕರೆಯುತ್ತಿದ್ದರು. ಹಲವು ಊರುಗಳಲ್ಲಿ ಗುಂಡಿ ಬಗೆಯುವ ಹೊಣೆ ಗಲ್ಲಿಗೇರಿಸುವವನ ಆಳುಗಳ ಮೇಲೆ ಬೀಳುತ್ತಿತ್ತು. ಇಂಥ ವೃತ್ತಿಗಳಿಗೆ ‘ಮಾನವಿಲ್ಲದ ವೃತ್ತಿಗಳು’ ಎಂಬ ಹೆಸರೇ ಇತ್ತು. ಅವರ ಮಕ್ಕಳಿಗೆ ಕುಶಲಕರ್ಮಿಗಳ ಸಂಘಗಳಲ್ಲಿ ಪ್ರವೇಶವಿರಲಿಲ್ಲ. ಅವರೊಡನೆ ಕುಳಿತು ಉಂಡವರ ಮಾನಕ್ಕೂ ಕುಂದು ಬರುತ್ತದೆಂಬ ನಂಬಿಕೆಯಿತ್ತು. 1731ರ ಸಾಮ್ರಾಜ್ಯ ಶಾಸನವು ಈ ಕಟ್ಟುಗಳನ್ನು ಸಡಿಲಿಸಲು ಯತ್ನಿಸಿತಾದರೂ ರೂಢಿ ಅಷ್ಟು ಬೇಗ ಅಳಿಯಲಿಲ್ಲ. ಇದು ನಮ್ಮ ಜಾತಿ ಪದ್ಧತಿಯಷ್ಟು ಗಟ್ಟಿಯಾಗಿ, ಧರ್ಮದ ಒಪ್ಪಿಗೆಯೊಡನೆ ನೆಲೆಯೂರಿದ್ದಲ್ಲ. ಎರಡನ್ನೂ ಒಂದೇ ಎನ್ನುವುದು ಸರಿಯಾಗದು. ಆದರೂ ಹೊಲಸನ್ನು ಮಾಡಿದವನು ಶುದ್ಧನಾಗಿ ಉಳಿದು, ಅದನ್ನು ಎತ್ತಿದವನು ಅಶುದ್ಧನೆನಿಸಿಕೊಳ್ಳುವ ವಿಪರೀತ ತರ್ಕ ಎರಡೂ ಕಡೆ ಒಂದೇ ಆಗಿತ್ತು.

ಹತ್ತೊಂಬತ್ತನೆಯ ಶತಮಾನದಲ್ಲಿ ಹೈಡೆಲ್‌ಬರ್ಗ್ ನಗರ ಗುಂಡಿಗಳ ಬದಲಿಗೆ ‘ಪೀಪಾಯಿ ಪದ್ಧತಿ’ಯನ್ನು ಜಾರಿಗೆ ತಂದಿತು. ಶೌಚದ ಕೊಳವೆಯ ಕೆಳಗೆ ಬಿಗಿಯಾಗಿ ಮುಚ್ಚುವ ಪೀಪಾಯಿಯನ್ನು ಇರಿಸಿ, ಅದು ತುಂಬಿದಾಗ ಗಾಡಿಯಲ್ಲಿ ಒಯ್ದು, ಅದರ ಜಾಗದಲ್ಲಿ ಬರಿದಾದುದನ್ನು ಇಡುತ್ತಿದ್ದರು. ಒಳಗಿದ್ದುದು ಹೊಲಗಳಿಗೆ ಗೊಬ್ಬರವಾಗುತ್ತಿತ್ತು. ಇಂದಿನ ಕ್ಯಾಸೆಟ್ ಪೆಟ್ಟಿಗೆಯನ್ನು ನೋಡಿದವರಿಗೆ ಈ ಪೀಪಾಯಿ ಅದರ ಮುತ್ತಜ್ಜನಂತೆ ತೋರಿದರೆ ಆಶ್ಚರ್ಯವಿಲ್ಲ. ವ್ಯತ್ಯಾಸ ಒಂದೇ: ಪೀಪಾಯಿಯನ್ನು ಒಯ್ಯಲು ಮನೆಯವರಲ್ಲದ ಬೇರೊಬ್ಬರು ಬರುತ್ತಿದ್ದರು.

ಹೊರುವ ಕೆಲಸವನ್ನೇ ಇಲ್ಲವಾಗಿಸಿದ್ದು ನೆಲದಡಿಯ ಕೊಳವೆ. 1842ರ ಮಹಾ ಅಗ್ನಿ ದುರಂತದಲ್ಲಿ ಹ್ಯಾಂಬರ್ಗಿನ ಹಳೆಯ ಊರಿನ ದೊಡ್ಡ ಭಾಗ ಸುಟ್ಟುಹೋದಾಗ, ಇಂಗ್ಲೆಂಡಿನ ಎಂಜಿನಿಯರ್ ವಿಲಿಯಂ ಲಿಂಡ್ಲಿ ಅದನ್ನು ಮತ್ತೆ ಕಟ್ಟುವ ನೆಪದಲ್ಲಿ ಆಧುನಿಕ ಒಳಚರಂಡಿಯನ್ನು ರೂಪಿಸಿದನು. 1867ರಲ್ಲಿ ಫ್ರಾಂಕ್‌ಫರ್ಟಿನ ಒಳಚರಂಡಿಯ ಕೆಲಸ ಆರಂಭವಾಯಿತು. 1887ರಲ್ಲಿ ಅಲ್ಲಿನ ನೀಡರ್‌ರಾಡ್‌ನಲ್ಲಿ ಕೊಳಚೆ ಶುದ್ಧೀಕರಣ ಘಟಕ ತೆರೆಯಿತು. ಬರ್ಲಿನ್‌ನಲ್ಲಿ 1873ರಿಂದ ಜೇಮ್ಸ್ ಹೋಬ್ರೆಖ್ಟ್ ನಗರವನ್ನು ಹನ್ನೆರಡು ವಿಭಾಗಗಳಾಗಿ ಹಂಚಿ, ಪ್ರತಿಯೊಂದರ ಕೊಳಚೆಯನ್ನೂ ಪಂಪುಗಳಿಂದ ಊರಾಚೆಯ ಹೊಲಗಳಿಗೆ ಹರಿಸುವ ಏರ್ಪಾಡು ಮಾಡಿದನು.

ಆದರೆ ಕೊಳವೆ ಹಾಕಿದ ಮಾತ್ರಕ್ಕೆ ಹೊಣೆ ಮುಗಿಯುವುದಿಲ್ಲವೆಂಬುದನ್ನು ಹ್ಯಾಂಬರ್ಗ್ 1892ರಲ್ಲಿ ಕಲಿಯಿತು. ಅಲ್ಲಿನ ಕೊಳಚೆ ಎಲ್ಬೆ ನದಿಯನ್ನು ಸೇರುತ್ತಿತ್ತು. ಕುಡಿಯುವ ನೀರೂ ಅದೇ ನದಿಯಿಂದ, ಸೋಸದೆಯೇ, ಮನೆಗಳಿಗೆ ಬರುತ್ತಿತ್ತು. ಆ ಬೇಸಿಗೆಯ ಕೊನೆಯಲ್ಲಿ ಕಾಲರಾ ಎರಗಿ 8,600ಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡಿತು. ಪಕ್ಕದಲ್ಲೇ ಅಂಟಿಕೊಂಡಿದ್ದ ಆಲ್ಟೋನಾ ಪಟ್ಟಣವೂ ಅದೇ ನದಿಯ ನೀರನ್ನೇ ಕುಡಿಯುತ್ತಿತ್ತು. ಆದರೆ ಮರಳಿನಲ್ಲಿ ಸೋಸಿ ಕುಡಿಯುತ್ತಿದ್ದ ಕಾರಣ ಬಹುಮಟ್ಟಿಗೆ ಪಾರಾಯಿತು. ಕಣ್ಣಿಂದ ಮರೆಯಾದ ಹೊಲಸು ಇಲ್ಲವಾಗಿರುವುದಿಲ್ಲ, ಇನ್ನೊಬ್ಬರ ಲೋಟದ ಕಡೆಗೆ ಹೊರಟಿರುತ್ತದೆ ಎಂಬುದು ಆ ವರ್ಷದ ಪಾಠ.

ಇನ್ನು ಗಾಲಿಯ ಮನೆಯ ಕಥೆ. ವಿಹಾರಕ್ಕೆಂದೇ ಮಾಡಿಸಿದ ಮೊದಲ ಕ್ಯಾರವಾನುಗಳಲ್ಲಿ ಪ್ರಸಿದ್ಧವಾದುದು ಸ್ಕಾಟ್ಲೆಂಡಿನ ಗಾರ್ಡನ್ ಸ್ಟೇಬಲ್ಸ್ 1885ರಲ್ಲಿ ಮಾಡಿಸಿಕೊಂಡ, ಕುದುರೆಗಳು ಎಳೆಯುತ್ತಿದ್ದ ‘ವಾಂಡರರ್’. ಜರ್ಮನಿಯಲ್ಲಿ ಈ ಪರಂಪರೆ ಆರಂಭವಾದದ್ದು 1931ರಲ್ಲಿ, ಆಲ್ಗಾಯ್ ಸೀಮೆಯ ಇಸ್ನಿ ಪಟ್ಟಣದಲ್ಲಿ. ಚಾವಟಿ ಮತ್ತು ಹಿಮಜಾರಾಟದ ಕೋಲುಗಳನ್ನು ತಯಾರಿಸುತ್ತಿದ್ದ ಕುಟುಂಬದ ಆರಿಸ್ಟ್ ಡೆಟ್‌ಲೆಫ್ಸ್ ವ್ಯಾಪಾರಕ್ಕಾಗಿ ಸದಾ ಊರೂರು ಅಲೆಯುತ್ತಿದ್ದನು. ಅವನ ಜೀವನಸಂಗಾತಿ ಫ್ರಿಡೆಲ್ ಎಡೆಲ್‌ಮಾನ್ ಚಿತ್ರಕಲಾವಿದೆ. ಒಟ್ಟಿಗೆ ಪ್ರಯಾಣಿಸುತ್ತ, ದಾರಿಯಲ್ಲೇ ಚಿತ್ರ ಬರೆಯಲೂ ಅನುಕೂಲವಾಗುವಂಥ ಗಾಡಿ ಬೇಕೆಂಬ ಆಕೆಯ ಆಸೆಯಿಂದ ‘ವೋನ್‌ಆಟೋ’ ಹುಟ್ಟಿತು. ಯುದ್ಧಾನಂತರದ ಆರ್ಥಿಕ ಏಳಿಗೆಯ ದಶಕಗಳಲ್ಲಿ ಅದು ಸಾವಿರಾರು ಕುಟುಂಬಗಳ ರಜೆಯ ಮನೆಯಾಯಿತು.

ಆರಂಭದ ದಶಕಗಳಲ್ಲಿ ಇಂಥ ಗಾಡಿಗಳ ಯಾತ್ರಿಕರಿಗೆ ಶಿಬಿರತಾಣದ ಸಾರ್ವಜನಿಕ ಶೌಚಾಲಯ, ಇಲ್ಲವೇ ಬಕೆಟ್ಟು ಮತ್ತು ಗುದ್ದಲಿಯೇ ಗತಿ. 1924ರಲ್ಲಿ ಇಂಗ್ಲೆಂಡಿನಲ್ಲಿ ‘ಎಲ್ಸಾನ್’ ಎಂಬ ರಾಸಾಯನಿಕ ಶೌಚಪಾತ್ರೆ ಮಾರುಕಟ್ಟೆಗೆ ಬಂದಿತು. ಎರಡನೆಯ ಮಹಾಯುದ್ಧದಲ್ಲಿ ಬ್ರಿಟಿಷ್ ಬಾಂಬರ್ ವಿಮಾನಗಳಲ್ಲೂ ಅದೇ ಇತ್ತು. 1968ರಲ್ಲಿ ಅಮೆರಿಕದ ಥೆಟ್‌ಫರ್ಡ್ ಕಂಪನಿ ‘ಪೋರ್ಟಾ ಪಾಟಿ’ ಎಂಬ ಸಾಗಿಸಬಲ್ಲ ಶೌಚಾಲಯವನ್ನು ತಂದಿತು. ಅದೇ ಕಂಪನಿ 1986ರಲ್ಲಿ ತಂದ ಕ್ಯಾಸೆಟ್ ಶೌಚಾಲಯವೇ ಇಂದು ಯುರೋಪಿನ ಕ್ಯಾರವಾನುಗಳಲ್ಲಿ ಎಲ್ಲೆಡೆ ಕಾಣುವಂಥದು. ಪೆಟ್ಟಿಗೆ ಹೊರಗಿನಿಂದಲೇ ತೆಗೆಯುವಂತಾದದ್ದು ಅದರ ದೊಡ್ಡ ಸುಧಾರಣೆ. ಮಲವನ್ನು ವಾಸದ ಕೋಣೆಯ ಮೂಲಕ ಎತ್ತಿಕೊಂಡು ಹೋಗುವುದು ತಪ್ಪಿತು.

ಪೆಟ್ಟಿಗೆಯೊಳಗೆ ಸುರಿಯುವ ದ್ರವದ ವಿಚಾರ ಇನ್ನೂ ಸೂಕ್ಷ್ಮವಾದುದು. 1914ರಲ್ಲಿ ಮ್ಯಾಂಚೆಸ್ಟರಿನ ಆರ್ಡರ್ನ್ ಮತ್ತು ಲಾಕೆಟ್ ಎಂಬ ವಿಜ್ಞಾನಿಗಳು ಗಾಳಿಯೂದಿದ ಕೆಸರಿನಲ್ಲಿ ಬ್ಯಾಕ್ಟೀರಿಯಾಗಳು ಕೊಳಚೆಯನ್ನು ತಿಂದು ತಿಳಿಗೊಳಿಸುವ ವಿಧಾನವನ್ನು ಪ್ರಕಟಿಸಿದರು. ಜಗತ್ತಿನ ಬಹುಪಾಲು ಆಧುನಿಕ ಶುದ್ಧೀಕರಣ ಘಟಕಗಳು ಇಂದಿಗೂ ಈ ಕಣ್ಣಿಗೆ ಕಾಣದ ಜೀವಿಗಳನ್ನೇ ನೆಚ್ಚಿಕೊಂಡಿವೆ. ದುರ್ನಾತ ತಡೆಯಲೆಂದು ಹಿಂದೆ ಧಾರಾಳವಾಗಿ ಬಳಸುತ್ತಿದ್ದ ಫಾರ್ಮಾಲ್ಡಿಹೈಡ್ ಕೊಲ್ಲುವುದು ಇದೇ ಜೀವಿಗಳನ್ನು. ಮಹಾನಗರದ ದೊಡ್ಡ ಘಟಕ ಅದನ್ನು ಹೇಗೋ ತಾಳಿಕೊಂಡೀತು. ಹಳ್ಳಿಯಂಚಿನ ಶಿಬಿರತಾಣದ ಸಣ್ಣ ಘಟಕ ತಾಳಲಾರದು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2004ರಲ್ಲಿ ಇದನ್ನು ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ವಸ್ತುವೆಂದು ಗುರುತಿಸಿತು. ಆದ್ದರಿಂದ 1978ರಲ್ಲಿ ಜರ್ಮನಿ ಆರಂಭಿಸಿದ ‘ಬ್ಲೌಅರ್ ಎಂಗೆಲ್’, ಅಂದರೆ ನೀಲಿ ದೇವದೂತನ ಪರಿಸರ ಮುದ್ರೆಯಿರುವ ದ್ರವವನ್ನೇ ಕೊಳ್ಳುವುದು ಲೇಸು. ರಾಸಾಯನಿಕವೇ ಬೇಡವೆನ್ನುವವರಿಗೆ, ವಾಸನೆಯನ್ನು ಸಣ್ಣ ಫ್ಯಾನಿನಿಂದ ಹೊರಗೆಳೆಯುವ ಸಾಧನವೂ, ಮಲ ಮೂತ್ರಗಳನ್ನು ಬೇರ್ಪಡಿಸುವ ಒಣ ಶೌಚಾಲಯವೂ ಈಗ ದೊರೆಯುತ್ತವೆ.

ಈ ಕಥೆಯನ್ನು ಓದುವ ಕನ್ನಡಿಗರಿಗೆ ತವರಿನ ಚರಿತ್ರೆ ನೆನಪಾಗದಿರದು. ನಮ್ಮ ಹಿರಿಯರ ತಲೆಮಾರಿನವರು ಹಿತ್ತಿಲ ಒಣ ಪಾಯಖಾನೆಗಳನ್ನು ಕಂಡವರು. ಮುಂಜಾನೆ ಹಿಂಬಾಗಿಲಿನ ಓಣಿಯಿಂದ ಬಂದು, ತಗಡು ಮತ್ತು ಪೊರಕೆಯಿಂದ ಬಳಿದು, ತಲೆಯ ಮೇಲೆ ಹೊತ್ತು ಹೋಗುತ್ತಿದ್ದವರ ಹೆಸರು ಆ ಮನೆಗಳಲ್ಲಿ ಎಷ್ಟು ಮಂದಿಗೆ ತಿಳಿದಿತ್ತು? 1901ರ ಕಲ್ಕತ್ತಾ ಕಾಂಗ್ರೆಸ್ ಅಧಿವೇಶನದಲ್ಲಿ ಪಾಯಖಾನೆಗಳ ದುಃಸ್ಥಿತಿಯನ್ನು ಕಂಡ ಗಾಂಧೀಜಿ ಸ್ವಯಂಸೇವಕರ ಗಮನ ಸೆಳೆದಾಗ, ಅದು ಜಾಡಮಾಲಿಯ ಕೆಲಸವೆಂಬ ಉತ್ತರ ಬಂದಿತು. ಅವರು ಪೊರಕೆ ತರಿಸಿಕೊಂಡು ತಾವೇ ಶುಚಿಗೊಳಿಸಿದರು. ಕರ್ನಾಟಕದಲ್ಲಿ 1970ರ ದಶಕದಲ್ಲಿ ದೇವರಾಜ ಅರಸು ಅವರ ಸರ್ಕಾರ, ಸಚಿವ ಬಿ. ಬಸವಲಿಂಗಪ್ಪನವರ ದೃಢ ನಿಲುವಿನಿಂದ, ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ನಿಷೇಧಿಸಿತು. ದೇಶದ ಮಟ್ಟದಲ್ಲಿ ಕಾಯ್ದೆ ಬಂದದ್ದು 1993ರಲ್ಲಿ. ಇನ್ನೂ ಬಿಗಿಯಾದ ಕಾಯ್ದೆ 2013ರಲ್ಲಿ.

ಆದರೂ ಪದ್ಧತಿ ಕಾಗದದ ಮೇಲೆ ಅಳಿದಷ್ಟು ಬೇಗ ಊರುಗಳಲ್ಲಿ ಅಳಿಯಲಿಲ್ಲ. ಚಿನ್ನ ತೆಗೆದ ಕೋಲಾರದ ಗಣಿ ಪಟ್ಟಣದಲ್ಲಿಯೇ ಒಣ ಪಾಯಖಾನೆಗಳು ದಶಕಗಳ ಕಾಲ ಉಳಿದವು. ಅಲ್ಲಿ ಈ ವೃತ್ತಿಯ ಕುಟುಂಬದಲ್ಲಿ 1966ರಲ್ಲಿ ಹುಟ್ಟಿದ ಬೆಜವಾಡ ವಿಲ್ಸನ್ ಅದರ ವಿರುದ್ಧ ಹೋರಾಟ ಕಟ್ಟಿ, ಸಫಾಯಿ ಕರ್ಮಚಾರಿ ಆಂದೋಲನದ ಮೂಲಕ ಅದನ್ನು ದೇಶವ್ಯಾಪಿಯಾಗಿಸಿ, 2016ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿಗೆ ಪಾತ್ರರಾದರು. 2010ರ ಜುಲೈನಲ್ಲಿ ಹಾವೇರಿ ಜಿಲ್ಲೆಯ ಸವಣೂರಿನಲ್ಲಿ ಭಂಗಿ ಸಮುದಾಯದವರು ತಮ್ಮನ್ನು ಮನೆಗಳಿಂದ ಒಕ್ಕಲೆಬ್ಬಿಸುವ ಯತ್ನವನ್ನು ವಿರೋಧಿಸಿ, ಪುರಸಭೆಯ ಮುಂದೆ ಮೈಮೇಲೆ ಮಲ ಸುರಿದುಕೊಂಡರು. ಇಂದು ತಲೆಯ ಮೇಲಿನ ಹೊರೆ ಬಹುಮಟ್ಟಿಗೆ ಇಳಿದಿದೆ. ಆದರೆ ಮ್ಯಾನ್‌ಹೋಲಿಗೂ ಮಲದ ಗುಂಡಿಗೂ ಇಳಿದು ಉಸಿರುಗಟ್ಟಿ ಸಾಯುವವರ ಸುದ್ದಿ ನಿಂತಿಲ್ಲ. ಇಂಥ ಸಾವಿಗೆ ಕುಟುಂಬಕ್ಕೆ 10 ಲಕ್ಷ ರೂಪಾಯಿ ಪರಿಹಾರ ನೀಡಬೇಕೆಂದು 2014ರಲ್ಲಿ ಹೇಳಿದ ಸರ್ವೋಚ್ಚ ನ್ಯಾಯಾಲಯ, 2023ರಲ್ಲಿ ಆ ಮೊತ್ತವನ್ನು 30 ಲಕ್ಷಕ್ಕೆ ಏರಿಸಿತು. ಪರಿಹಾರದ ಮೊತ್ತ ಏರಿಸಬೇಕಾಗಿ ಬಂದುದೇ ಸಾವುಗಳು ನಿಂತಿಲ್ಲವೆಂಬುದಕ್ಕೆ ಸಾಕ್ಷಿ.

ಈ ಹಿನ್ನೆಲೆಯಲ್ಲಿ ಕ್ಯಾರವಾನಿನ ಪೆಟ್ಟಿಗೆ ಬರಿಯ ಒಂದು ಕಿರಿಕಿರಿಯಲ್ಲ. ವೈದ್ಯರಿರಲಿ, ಎಂಜಿನಿಯರ್ ಇರಲಿ, ಕಾರ್ಖಾನೆಯ ಕೆಲಸಗಾರರಿರಲಿ, ಬೆಳಗ್ಗೆ ಎಂಟು ಗಂಟೆಗೆ ಸುರಿತೊಟ್ಟಿಯ ಮುಂದೆ ತಮ್ಮ ತಮ್ಮ ಪೆಟ್ಟಿಗೆ ಹಿಡಿದು ಸಾಲಾಗಿ ನಿಲ್ಲುತ್ತಾರೆ. ಪರಸ್ಪರ ‘ಮೋರ್ಗನ್’ ಎಂದು ನಗುತ್ತಾರೆ. ಯಾರ ಮಾನಕ್ಕೂ ಅಲ್ಲಿ ಕುಂದಿಲ್ಲ. ತನ್ನ ಮನೆಯ ಹೊಲಸನ್ನು ತಾನೇ ಹೊರುವುದು ಇಲ್ಲಿ ಸಹಜ ಶಿಷ್ಟಾಚಾರ. ಈ ಕೆಲಸವನ್ನು ಮನೆಯ ಒಬ್ಬರಿಗೇ ಬಿಡದೆ ಸರದಿಯಂತೆ ಮಾಡಿದರೆ, ಮಕ್ಕಳಿಗೂ ಅದು ಯಾವ ಪಠ್ಯವೂ ಕಲಿಸದ ಪಾಠವಾದೀತು.

ಮಾಡುವುದಾದರೆ ಸರಿಯಾಗಿ ಮಾಡೋಣ. ಶೌಚಕ್ಕೆ ನೀರು ಬಳಸುವ ನಮ್ಮ ಕುಟುಂಬಗಳಲ್ಲಿ ಪೆಟ್ಟಿಗೆ ಬೇಗ ತುಂಬುತ್ತದೆ; ಆದ್ದರಿಂದ ದೀಪ ಕೆಂಪಾಗುವವರೆಗೆ ಕಾಯದೆ ದಿನ ಬಿಟ್ಟು ದಿನ ಬರಿದು ಮಾಡುವುದು ಒಳ್ಳೆಯದು. ಬೇಗ ಕರಗುವ ಕಾಗದವನ್ನಲ್ಲದೆ ಒದ್ದೆ ಟಿಶ್ಯೂಗಳನ್ನು ಹಾಕಬಾರದು. ಸುರಿಯುವಾಗ ಗಾಳಿಯ ಗುಂಡಿಯನ್ನು ಒತ್ತಿ ಹಿಡಿದರೆ ಎರಚುವುದಿಲ್ಲ. ಪೆಟ್ಟಿಗೆ ತೊಳೆಯುವ ಕೊಳವೆಯನ್ನು ಕುಡಿಯುವ ನೀರಿನ ನಲ್ಲಿಗೆ ಎಂದಿಗೂ ತಾಗಿಸಬಾರದು. 1892ರ ಹ್ಯಾಂಬರ್ಗನ್ನು ನೆನೆದರೆ ಕಾರಣ ತಿಳಿಯುತ್ತದೆ. ಒಗ್ಗರಣೆಯ ಎಣ್ಣೆ, ಅನ್ನದ ಗಂಜಿ, ಸಾರಿನ ಉಳಿಕೆ ಬೂದು ನೀರಿನ ತೊಟ್ಟಿಯಲ್ಲಿ ಎರಡೇ ದಿನದಲ್ಲಿ ನಾರುತ್ತವೆ. ಪಾತ್ರೆಯನ್ನು ಮೊದಲು ಕಾಗದದಿಂದ ಒರೆಸಿ, ಕರಿಬೇವು, ಚಹಾಪುಡಿಗಳನ್ನು ಜರಡಿಯಲ್ಲಿ ಹಿಡಿಯಬೇಕು. ಆ ನೀರನ್ನು ರಸ್ತೆಯ ಮಳೆನೀರಿನ ಮೋರಿಗೆ ಬಿಡಲಾಗದು. ಜರ್ಮನಿಯ ಅನೇಕ ಕಡೆ ಮಳೆನೀರಿನ ಕೊಳವೆ ಬೇರೆಯೇ ಇದ್ದು, ಶುದ್ಧೀಕರಣವಿಲ್ಲದೆ ನೇರವಾಗಿ ಹಳ್ಳಕ್ಕೆ ಸೇರುತ್ತದೆ. 1957ರಲ್ಲಿ ಅಂಗೀಕಾರವಾದ ಜಲ ಕಾಯ್ದೆ ಇಲ್ಲಿನ ನದಿ, ಹಳ್ಳ, ಅಂತರ್ಜಲಗಳ ರಕ್ಷಣೆಗೆಂದೇ ಬಂದುದು.

ಜರ್ಮನಿಯ ಊರುಗಳಲ್ಲಿ ‘ಮಾನವಿಲ್ಲದವರು’ ಹೊತ್ತರು. ನಮ್ಮ ಊರುಗಳಲ್ಲಿ ಹುಟ್ಟಿನ ಕಾರಣಕ್ಕೆ ಹೊರಿಸಲ್ಪಟ್ಟವರು ಹೊತ್ತರು. ಅನಂತರ ಕೊಳವೆ ಹೊತ್ತಿತು. ಹೊತ್ತವರನ್ನು ಮರೆಯಲು ಅದೇ ನಮಗೆ ನೆರವಾಯಿತು. ಈ ಬೇಸಿಗೆಯಲ್ಲಿ ಪೆಟ್ಟಿಗೆ ಹಿಡಿದು ನೂರು ಹೆಜ್ಜೆ ನಡೆಯುವಾಗ ಮೂಗು ಮುಚ್ಚಿಕೊಳ್ಳುವುದು ಸಹಜವೇ. ಆ ನೂರು ಹೆಜ್ಜೆಯನ್ನು ದಿನವೂ, ಊರಿನವರೆಲ್ಲರ ಪರವಾಗಿ, ಬದುಕಿಡೀ ನಡೆದವರ ನೆನಪೂ ಜೊತೆಗಿರಲಿ. ಮುಂದಿನ ಸಲ ತವರಿಗೆ ಹೋದಾಗ ನಮ್ಮ ಬಡಾವಣೆಯ ಗುಂಡಿಯನ್ನು ಯಂತ್ರ ಬರಿದು ಮಾಡುತ್ತದೆಯೋ ಮನುಷ್ಯನೋ ಎಂದು ಕೇಳಿ ತಿಳಿಯುವುದನ್ನೂ ಮರೆಯದಿರೋಣ.